ಬಚ್ಚಲಿನ ರಬ್ಬರ್ ಚಾಪೆ

ಆ ಬೀದಿಯ ಬಚ್ಚಲುಗಳಷ್ಟು ಜಾರುವ ಬಚ್ಚಲುಗಳು ಲೋಕದಲ್ಲಿ ಇನ್ನೆಲ್ಲೂ ಇರಲಾರವು. ನಲ್ಲಿಯಲ್ಲಿ ನೀರು ಬಾರದ ದಿನವೂ ಅಲ್ಲಿ ಹೆಂಗಸರು ಜಾರುತ್ತಿದ್ದರು. ಜಾರಿ ಬಿದ್ದವರಿಗೆ ಸೊಂಟಕ್ಕಾಗಲಿ ಮೊಣಕಾಲಿಗಾಗಲಿ ಪೆಟ್ಟಾಗುತ್ತಿರಲಿಲ್ಲ. ಕಣ್ಣಿನ ಕೆಳಗೆ, ಕಿವಿಗೆ, ಕುತ್ತಿಗೆಯ ಎರಡೂ ಬದಿಗೆ ಆಗುತ್ತಿತ್ತು. ಗಂಡಸರು ಮಾತ್ರ ಅದೇ ಬಚ್ಚಲಲ್ಲಿ ಅದೇ ಸೋಪು ಹಚ್ಚಿ ಸ್ನಾನ ಮಾಡಿ ಒಮ್ಮೆಯೂ ಜಾರದೆ ಹೊರಗೆ ಬರುತ್ತಿದ್ದರು. ಇದರಲ್ಲಿ ವಿಚಿತ್ರವೇನೂ ಯಾರಿಗೂ ಕಾಣುತ್ತಿರಲಿಲ್ಲ.

ಬೀದಿಯ ತುದಿಯಲ್ಲಿ ಲಾರಿಗಳಿಗೆ ಬಾಡಿ ಕಟ್ಟುವ ಶೆಡ್ಡು. ಮನೆಗಳೆಲ್ಲ ಶೆಡ್ಡಿನಲ್ಲಿ ದುಡಿಯುವವರವು, ಒಂದಕ್ಕೊಂದು ಅಂಟಿಕೊಂಡು ನಿಂತವು, ನಡುವೆ ಒಂದೇ ಗೋಡೆ. ಪಕ್ಕದ ಮನೆಯಲ್ಲಿ ಸೀನಿದರೆ ಇಲ್ಲಿ ಕೇಳುತ್ತಿತ್ತು. ಹೀಗಾಗಿ ಏಟಿನ ಸದ್ದು ಕಿವಿಗೆ ಬೀಳದಿರಲು ಒಂದೊಂದು ಮನೆಗೆ ಒಂದೊಂದು ಉಪಾಯ. ಒಬ್ಬರು ರೇಡಿಯೋ ಜೋರು ಮಾಡುತ್ತಿದ್ದರು, ಇನ್ನೊಬ್ಬರು ನಲ್ಲಿ ತಿರುಗಿಸಿ ಪಾತ್ರೆ ತಿಕ್ಕಲು ಕೂರುತ್ತಿದ್ದರು. ಟೈಲರಮ್ಮನಿಗೆ ಹೊಲಿಗೆ ಮಿಷನ್ನಿತ್ತು.

ಟೈಲರಮ್ಮನ ಬಳಿ ಬಟ್ಟೆ ಹೊಲಿಸದ ಹೆಂಗಸು ಆ ಬೀದಿಯಲ್ಲಿರಲಿಲ್ಲ. ಅವಳ ಎಡಗೈ ಮಣಿಕಟ್ಟು ಸೊಟ್ಟ. ಮದುವೆಯಾದ ಹೊಸತರಲ್ಲಿ ಅವಳೂ ಜಾರಿದ್ದಳು. ಮುರಿದ ಮೂಳೆ ಅಡ್ಡಾದಿಡ್ಡಿ ಕೂಡಿಕೊಂಡಿತು. ಅಂದಿನಿಂದ ಆ ಕೈಯಿಂದ ಬಟ್ಟೆ ಒತ್ತಿ ಹಿಡಿದು, ಬಲಗೈಯಿಂದ ಎಳೆದು ಹೊಲಿಯುವುದು ಅಭ್ಯಾಸವಾಗಿತ್ತು. ಅವಳ ಗಂಡ ಶೆಡ್ಡಿನಲ್ಲಿ ವೆಲ್ಡಿಂಗ್ ಮೇಸ್ತ್ರಿಯಾಗಿದ್ದವನು. ಕೆಲಸ ಬಿಟ್ಟರೂ ಮೇಸ್ತ್ರಿತನ ಬಿಟ್ಟಿರಲಿಲ್ಲ. ಮಗ ಅದೇ ಶೆಡ್ಡಿನಲ್ಲಿ ಲಾರಿಗಳಿಗೆ ಬಣ್ಣ ಹೊಡೆಯುವ ಪೇಂಟರ್. ಸೊಸೆ ಬ್ರೆಡ್ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸದವಳು. ಮಗಳನ್ನು ಹಿಂದಿನ ಬೀದಿಗೇ ಕೊಟ್ಟಿತ್ತು.

ಒಂದು ಸಂಜೆ ಫ್ಯಾಕ್ಟರಿಯ ಒಲೆ ಕೆಟ್ಟು ಸೊಸೆ ಬರುವುದು ತಡವಾಯಿತು. ಮೇಸ್ತ್ರಿ ಖಾಲಿ ತಟ್ಟೆಯ ಮುಂದೆ ಕೂತು ಮಗನ ಮುಖ ನೋಡಿದ.

"ನಮ್ಮ ಕಾಲದಲ್ಲಿ ಗಂಡಸು ಕೈ ತೊಳೆಯೋ ಹೊತ್ತಿಗೆ ಅನ್ನ ಇಳಿಸಿರ್ತಿದ್ರು" ಎಂದ.

"ಬರ್ತಾಳೆ ಬಿಡಪ್ಪ."

"ಬರ್ತಾಳೆ, ಬರ್ದೆ ಎಲ್ಲಿಗೆ ಹೋಗ್ತಾಳೆ? ಬ್ರೆಡ್ ವ್ಯಾನಿನವನ ಜೊತೆ ನಗ್ತಾ ಬರ್ತಾಳೆ ಅಂತ ಟೀ ಅಂಗಡೀಲಿ ಆಡ್ಕೋತಿದ್ರು. ನಾನು ತಲೆ ತಗ್ಗಿಸಿಕೊಂಡು ಬಂದೆ."

ಸೊಸೆ ಬಂದು ಚಪ್ಪಲಿ ಬಿಡುವುದರೊಳಗೆ ಪೇಂಟರ್ ಎದ್ದು ನಿಂತಿದ್ದ. ಮೊದಲ ಏಟಿಗೆ ಅವಳ ತಲೆ ಪಾತ್ರೆಯ ಕಪಾಟಿಗೆ ಬಡಿಯಿತು, ಲೋಟಗಳು ಉರುಳಿದವು. ಎರಡನೆಯದಕ್ಕೆ ಅವಳು ಕೂತಳು. ಕೂದಲು ಹಿಡಿದು ಎತ್ತಿ ಮತ್ತೆ ಹೊಡೆದ. ಟೈಲರಮ್ಮ ಮಿಷನ್ನಿಗೆ ಹೋಗಿ ಕೂತು ತುಳಿಯತೊಡಗಿದಳು. ಕೈಗೆ ಸಿಕ್ಕಿದ್ದು ಯಾರದೋ ಲಂಗ. ಅದರ ಮೇಲೆ ಕಣ್ಣು ಮುಚ್ಚಿ ಹೊಲಿಗೆ ಓಡಿಸಿದಳು. ಬಾಗಿಲ ಬಳಿ ಒದೆತದ ಸದ್ದು ಬಂದಾಗ ಇನ್ನೂ ಜೋರಾಗಿ ತುಳಿದಳು. ಬೆಳಗ್ಗೆ ಆ ಹೊಲಿಗೆಯನ್ನೆಲ್ಲ ಬ್ಲೇಡಿನಿಂದ ಬಿಚ್ಚಬೇಕಾಯಿತು. ಅದೂ ಅವಳಿಗೆ ಹೊಸ ಕೆಲಸವಲ್ಲ.

ಫ್ಯಾಕ್ಟರಿಯ ಸೂಪರ್‌ವೈಸರಮ್ಮ ಒಳ್ಳೆಯ ಹೆಂಗಸು, ಬೇರೆ ಬಡಾವಣೆಯವಳು. ಊದಿದ ಕಣ್ಣು ನೋಡಿ ಏನಾಯಿತು ಎಂದು ಕೇಳಿದಳು. ಬಚ್ಚಲಲ್ಲಿ ಜಾರಿದೆ ಎಂದು ಸೊಸೆ ಬೀದಿಯ ಉತ್ತರವನ್ನೇ ಕೊಟ್ಟಳು. ಆದರೆ ಸೂಪರ್‌ವೈಸರಮ್ಮನ ತಾಯಿ ನಿಜವಾಗಿಯೂ ಬಚ್ಚಲಲ್ಲಿ ಜಾರಿ ತಲೆ ಒಡೆದು ತೀರಿಹೋಗಿದ್ದರು. ಅವಳು ಹೌಹಾರಿದಳು. ಮಾರನೆಯ ದಿನವೇ ಹಸಿರು ಬಣ್ಣದ, ಮೈತುಂಬ ಗುಬುಟು ಗುಬುಟು ಇದ್ದ ದಪ್ಪ ರಬ್ಬರ್ ಚಾಪೆಯೊಂದನ್ನು ತಂದು ಸೊಸೆಯ ಕೈಗಿಟ್ಟಳು.

"ಇದನ್ನ ಹಾಸ್ಕೋ. ಇನ್ಮೇಲೆ ಜಾರಲ್ಲ. ನನ್ನಾಣೆ, ಇವತ್ತೇ ಹಾಸ್ಬೇಕು."

ಮನೆಯಲ್ಲಿ ಚಾಪೆ ಬಿಚ್ಚಿದಾಗ ಪೇಂಟರ್ ಕೆಮ್ಮು ಬರುವಷ್ಟು ನಕ್ಕ. ಮೇಸ್ತ್ರಿ ಕಾಲಿಂದ ಮುಟ್ಟಿ ನೋಡಿ, "ಒಳ್ಳೇ ಮಾಲು" ಎಂದು ಮೆಚ್ಚಿದ. ಟೈಲರಮ್ಮನಿಗೂ ನಗು ತಡೆಯಲಾಗಲಿಲ್ಲ. ಸೊಸೆ ನಗಲಿಲ್ಲ. ಚಾಪೆಯನ್ನು ಬಚ್ಚಲಿಗೆ ಹಾಸಿದಳು. ದಿನಾ ಬೆಳಗ್ಗೆ ತೊಳೆದು ಮನೆಯ ಮುಂದಿನ ಗಿಡ್ಡ ಗೋಡೆಯ ಮೇಲೆ ಒಣಹಾಕತೊಡಗಿದಳು. ಹೋಗುವವರು ಬರುವವರು ನೋಡಿದರು. ಬೀದಿಗೆಲ್ಲ ಸುದ್ದಿಯಾಯಿತು.

ಕೆಲವು ದಿನ ಕಳೆದವು. ಒಂದು ಭಾನುವಾರ ಊಟದ ಹೊತ್ತಿಗೆ ಸೊಸೆ ಟೀ ಅಂಗಡಿಯವರೆಗೆ ಹೋಗಿ, "ಊಟ ಆರ್ತಾ ಇದೆ, ಬನ್ನಿ" ಎಂದು ಗಂಡನನ್ನು ಕರೆದಳು. ಅಷ್ಟೇ ಅಂದದ್ದು.

"ಓಡಪ್ಪ, ಓಡು. ಮನೆಯಿಂದ ಆರ್ಡರ್ ಬಂದಿದೆ" ಎಂದರು ಬೆಂಚಿನ ಮೇಲಿದ್ದವರು.

ಆ ನಗೆ ಪೇಂಟರನ ಬೆನ್ನಿಗೆ ಮನೆಯವರೆಗೂ ಅಂಟಿಕೊಂಡು ಬಂತು. ಹಿತ್ತಿಲಲ್ಲಿ ಬಣ್ಣ ಸಿಂಪಡಿಸುವ ಕಂಪ್ರೆಸರಿನ ಹಳೆಯ ಪೈಪು ಸುರುಳಿಯಾಗಿ ಬಿದ್ದಿತ್ತು. ಅದನ್ನು ಒಳಗೆ ತಂದು ಹೊಡೆದ. ಬೆನ್ನಿಗೆ, ತೋಳಿಗೆ, ತಪ್ಪಿಸಿಕೊಳ್ಳಲು ತಿರುಗಿದಾಗ ಬಾಯಿಗೆ. ಪೈಪಿನ ತುದಿಯ ಹಿತ್ತಾಳೆ ತಿರುಪು ತಗಲಿ ಮುಂದಿನ ಹಲ್ಲೊಂದು ಅರ್ಧಕ್ಕೆ ಮುರಿದು, ತುಂಡು ಅನ್ನದ ತಟ್ಟೆಯಲ್ಲಿ ಬಿತ್ತು. ಮೇಸ್ತ್ರಿ ತನ್ನ ತಟ್ಟೆಯನ್ನು ಸ್ವಲ್ಪ ಪಕ್ಕಕ್ಕೆ ಎಳೆದುಕೊಂಡು ಉಂಡ. ಟೈಲರಮ್ಮ ಮಿಷನ್ ತುಳಿದಳು.

ಮರುದಿನ ಅತ್ತೆ ಸೊಸೆ ಇಬ್ಬರೂ ದಿನಸಿ ಅಂಗಡಿಗೆ ಹೋದರು. ಅಂಗಡಿಯಕ್ಕ ಗಂಡ ಸತ್ತ ಮೇಲೆ ಒಬ್ಬಳೇ ಅಂಗಡಿ ನಡೆಸುತ್ತಿದ್ದವಳು. ಸೊಸೆಯ ತುಟಿ ನೋಡಿ, ಆಲೂಗಡ್ಡೆ ತೂಗುತ್ತಲೇ ಕೇಳಿದಳು.

"ಮತ್ತೆ ಜಾರಿದ್ಯೇನೇ?"

"ಇಲ್ಲ ಅಕ್ಕ. ಚಾಪೆ ಇದೆಯಲ್ಲ, ಹೇಗೆ ಜಾರ್ಲಿ? ಗಂಡ ಹೊಡೆದ್ರು. ಮೊಟ್ಟೆ ಇದ್ರೆ ಅದೂ ಕೊಡಿ."

ಗಂಡನಿಗೆ ಕೊಡುವ ಮರ್ಯಾದೆಯನ್ನೂ ಬಿಟ್ಟಿರಲಿಲ್ಲ. ದನಿ ಏರಿರಲಿಲ್ಲ, ಕಣ್ಣಲ್ಲಿ ನೀರಿರಲಿಲ್ಲ. ಅಂಗಡಿಯಲ್ಲಿದ್ದ ನಾಲ್ಕಾರು ಹೆಂಗಸರು ತಮ್ಮ ತಮ್ಮ ಚೀಲದೊಳಗೆ ಇಣುಕಿ ನೋಡಿಕೊಂಡರು. ಅಂಗಡಿಯಕ್ಕ ಮೊಟ್ಟೆ ಕಟ್ಟಿಕೊಟ್ಟಳು.

ದಾರಿಯಲ್ಲಿ ಟೈಲರಮ್ಮ ಸೊಸೆಯ ತೋಳು ಹಿಡಿದು ನಿಲ್ಲಿಸಿದಳು.

"ಏನೇ ಅಂದೆ ನೀನು, ಅಷ್ಟು ಜನರ ಮುಂದೆ?"

"ಕೇಳಿದ್ರು, ಹೇಳ್ದೆ."

"ಕೇಳಿದ್ದಕ್ಕೆಲ್ಲ ಹೇಳ್ತಾರೇನೇ? ಈ ಕೈ ನೋಡು. ಯಾರೆಲ್ಲ ಕೇಳಿದ್ರು ನನ್ನ. ನಮ್ಮಮ್ಮನೇ ಕೇಳಿದ್ಲು. ಒಬ್ರ ಹತ್ರಾನೂ ಬಾಯಿ ಬಿಡ್ಲಿಲ್ಲ ನಾನು."

"ನಿಮಗೆ ಚಾಪೆ ಇರ್ಲಿಲ್ಲ ಅತ್ತೆ" ಎಂದಳು ಸೊಸೆ.

ಇದು ತಮಾಷೆಯೋ ಅಧಿಕಪ್ರಸಂಗವೋ ಟೈಲರಮ್ಮನಿಗೆ ತಿಳಿಯಲಿಲ್ಲ.

ಸೊಸೆ ಆಡಿದ ಮಾತು ಅವಳು ಮನೆ ಸೇರುವ ಮೊದಲೇ ಶೆಡ್ಡಿಗೆ ಮುಟ್ಟಿತ್ತು. ಸಂಜೆ ಪೇಂಟರ್ ಬಂದವನೇ ಅವಳನ್ನು ಗೋಡೆಗೆ ಒತ್ತಿ ಹಿಡಿದ.

"ಏನು ಹೇಳಿದ್ದು? ಇನ್ನೊಂದ್ಸಲ ಹೇಳು ನೋಡೋಣ."

"ನೀವು ಹೊಡೆದ್ರಿ ಅಂದೆ."

ಹೊಡೆದ. ಮಾರನೆಯ ದಿನ ಕುಡಿಯುವ ನೀರಿನ ಬೀದಿ ನಲ್ಲಿಯ ಹತ್ತಿರ ಯಾರೋ ಗಲ್ಲದ ಗಾಯ ನೋಡಿ ಕೇಳಿದಾಗ ಅವಳು ಅದೇ ದನಿಯಲ್ಲಿ, "ಗಂಡ ಹೊಡೆದ್ರು" ಎಂದಳು. ಯಾಕೆ ಎಂದು ಕೇಳಿದರು. "ಹೊಡೆದ್ರು ಅಂತ ಹೇಳಿದ್ದಕ್ಕೆ ಹೊಡೆದ್ರು" ಎಂದಳು. ಫ್ಯಾಕ್ಟರಿಯಲ್ಲಿ ಕೇಳಿದರು, ಅಲ್ಲೂ ಅದೇ. ಗ್ಯಾಸ್ ಸಿಲಿಂಡರಿನವನು ದಾಕ್ಷಿಣ್ಯಕ್ಕೆ ಕೇಳಿದ, ಅವನಿಗೂ ಅದೇ. ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಬೈಯುತ್ತಲೂ ಇರಲಿಲ್ಲ, ಗೋಳಾಡುತ್ತಲೂ ಇರಲಿಲ್ಲ. ಹೊತ್ತು ಎಷ್ಟಾಯಿತು ಎಂದು ಕೇಳಿದವರಿಗೆ ಹೊತ್ತು ಹೇಳುವ ಹಾಗೆ ಹೇಳುತ್ತಿದ್ದಳು. ಕೇಳಿದವರೇ ಬೆವರುತ್ತಿದ್ದರು.

ಬೀದಿ ಅವಳ ಮೇಲೆ ತಿರುಗಿಬಿತ್ತು. ಹೆಂಗಸರು ಅವಳು ಬಂದಾಗ ನಲ್ಲಿಯ ಸಾಲಿನಲ್ಲಿ ಜಾಗ ಬಿಡುತ್ತಿರಲಿಲ್ಲ. ಯಾರೂ ಏನನ್ನೂ ಕೇಳುವುದನ್ನು ನಿಲ್ಲಿಸಿದರು. ಅದರ ಬದಲು ಟೈಲರಮ್ಮನ ಹತ್ತಿರ ಬಂದರು.

"ಊರವರ ಬಟ್ಟೆಗೆಲ್ಲ ಹೊಲಿಗೆ ಹಾಕ್ತೀರಿ, ಆ ಸೊಸೆ ಬಾಯಿಗೂ ಒಂದು ಹಾಕ್ಬಾರ್ದಾ?" ಎಂದಳು ಪಕ್ಕದ ಮನೆಯ ಡ್ರೈವರನ ಹೆಂಡತಿ. "ಅವಳ ಮಾತು ಕೇಳಿ ನಮ್ಮ ಮನೇಲಿ ಗಂಡಸರು, 'ನೀನೂ ಹಾಗೇ ಹೇಳ್ತೀಯಾ' ಅಂತ ಮೊದ್ಲೇ ಎರಡು ಬಿಗೀತಾರೆ."

ಹೊಲಿಯಲು ಕೊಟ್ಟಿದ್ದ ಬಟ್ಟೆಗಳನ್ನು ಕೆಲವರು ವಾಪಸ್ ಒಯ್ದರು. ಮಿಷನ್ನಿನ ಪಕ್ಕದ ಬುಟ್ಟಿ ಖಾಲಿಯಾಯಿತು. ಟೈಲರಮ್ಮ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತ ಸೊಸೆಯ ಮೇಲೆ ಹರಿಹಾಯ್ದಳು.

"ನಿನ್ನಿಂದ ನನ್ನ ಕೆಲಸ ಹೋಯ್ತು. ಮನೆ ಮಾನ ಬೀದಿಪಾಲಾಯ್ತು. ಇನ್ನೂ ಏನು ಬೇಕು ನಿನಗೆ? ಏಟು ಕಡಿಮೆಯಾಯ್ತಾ ಹೇಳು?"

"ಜಾಸ್ತಿ ಆಗಿದೆ."

"ಮತ್ಯಾಕೆ?"

ಸೊಸೆ ಚಾಕು ಕೆಳಗಿಟ್ಟಳು. "ಮೊದ್ಲು ಏಟೂ ತಿಂದು, ಆಮೇಲೆ ನಾನೇ ಕೂತು ಸುಳ್ಳೂ ಹುಡುಕ್ಬೇಕಿತ್ತು ಅತ್ತೆ. ಈಗ ಒಂದು ಕೆಲಸ ಕಡಿಮೆ. ಏಟು ಅವರ ಕೈಲಿದೆ. ಬಾಯಿ ನನ್ನದು."

"ಮುರಿದ್ಹಾಕ್ತಾರೆ ಆ ಬಾಯಿನ."

"ಅರ್ಧ ಮುರಿದಾಗಿದೆ" ಎಂದು ಸೊಸೆ ತುಂಡು ಹಲ್ಲು ತೋರಿಸಿದಳು. ನಕ್ಕಳೋ ಏನೋ, ಊದಿದ ತುಟಿಯಲ್ಲಿ ಗೊತ್ತಾಗಲಿಲ್ಲ.

ಆ ವಾರವೇ ಮಗಳು ಹಿಂದಿನ ಬೀದಿಯಿಂದ ಬಂದಳು. ತಲೆಗೆ ಬಟ್ಟೆ ಕಟ್ಟಿಕೊಂಡಿದ್ದಳು. ಬಂದವಳೇ ಅತ್ತಿಗೆಯ ಮೇಲೆ ಕೂಗಾಡಿದಳು.

"ನಿಮ್ಮ ದೆಸೆಯಿಂದ ನಾನು ತಲೆ ಎತ್ತೋ ಹಾಗಿಲ್ಲ ಅತ್ತಿಗೆ. 'ನಿಮ್ಮಣ್ಣನ ಹೆಂಡ್ತಿ ಬಾಯಿ ನಿನಗೂ ಬಂದಿದ್ಯಾ' ಅಂತ ದಿನಾ ಕೇಳ್ತಾರೆ ನಮ್ಮನೇಲಿ."

ಕೂಗುವಾಗ ತಲೆಯ ಬಟ್ಟೆ ಸರಿಯಿತು. ಬಲಗಿವಿ ನೇರಳೆ ಬಣ್ಣಕ್ಕೆ ತಿರುಗಿ ಉಬ್ಬಿತ್ತು. ಸೊಸೆ ಹತ್ತಿರ ಹೋಗಿ ಮೆಲ್ಲಗೆ ಕೇಳಿದಳು, "ಕಿವಿಗೇನಾಯ್ತು?"

ಮಗಳು ಒಮ್ಮೆ ಅಮ್ಮನ ಕಡೆ ನೋಡಿದಳು. "ಬಚ್ಚಲಲ್ಲಿ ಜಾರಿದೆ."

ಆ ಮಾತನ್ನು ಮಗಳಿಗೆ ಕೊಟ್ಟವಳು ಟೈಲರಮ್ಮನೇ. ಮದುವೆಯ ಬೆಳಗ್ಗೆ, ಕುಪ್ಪಸದ ಹುಕ್ಕು ಬಿಗಿ ಮಾಡುತ್ತ, ಮಗಳ ಬೆನ್ನ ಹಿಂದೆ ನಿಂತು ಹೇಳಿದ್ದಳು: ಹೆಚ್ಚುಕಮ್ಮಿ ಆದ್ರೆ ಯಾರ ಹತ್ರಾನೂ ಬಾಯಿ ಬಿಡ್ಬೇಡ, ಬಚ್ಚಲಲ್ಲಿ ಜಾರಿದೆ ಅನ್ನು. ಚಿನ್ನ ಕೊಡಲಾಗದ ತಾಯಿ ಕೊಟ್ಟ ಬಳುವಳಿ. ಮಗಳು ಅದನ್ನು ಜೋಪಾನವಾಗಿ ಇಟ್ಟುಕೊಂಡಿದ್ದಳು. ಆ ಬಲಗಿವಿಯ ಕಡೆಯಿಂದ ಮಾತಾಡಿದರೆ ಅವಳಿಗೆ ಕೇಳಿಸುತ್ತಿಲ್ಲವೆಂದು ಹೊರಡುವ ಹೊತ್ತಿಗೆ ಟೈಲರಮ್ಮನಿಗೆ ಗೊತ್ತಾಯಿತು. ಆದರೂ ಏನೂ ಕೇಳಲಿಲ್ಲ. ಕೇಳಿದರೆ ಉತ್ತರ ಬಂದುಬಿಟ್ಟೀತೆಂಬ ಹೆದರಿಕೆ.

ಬದಲಾವಣೆ ಬಂದದ್ದು ನಲ್ಲಿಯ ಸಾಲಿನಿಂದ, ಅದೂ ಬಾಯಿ ಹೊಲಿಯಿರಿ ಎಂದಿದ್ದ ಡ್ರೈವರನ ಹೆಂಡತಿಯಿಂದಲೇ. ಒಂದು ಬೆಳಗ್ಗೆ ಅವಳು ಹುಬ್ಬಿನ ಮೇಲೆ ಪ್ಲಾಸ್ಟರ್ ಹಚ್ಚಿಕೊಂಡು ಬಂದಳು. ಯಾರೂ ಕೇಳಲಿಲ್ಲ, ಕೇಳುವ ಪದ್ಧತಿಯೇ ನಿಂತಿತ್ತಲ್ಲ. ತುಂಬಿದ ಕೊಡಕ್ಕೆ ಕೈ ಹಾಕುವಾಗ ತಾನಾಗಿ, "ನಂಗೂ ಜಾರಿದ್ದಲ್ಲ" ಎಂದಳು. ಕೊಡ ಎತ್ತಿಕೊಂಡು ಹೊರಟುಹೋದಳು. ಅವಳು ಹೋದ ಮೇಲೆ ನಲ್ಲಿಯಿಂದ ನೀರು ಸುಮ್ಮನೆ ಹರಿಯಿತು, ಮುಂದಿನವಳಿಗೆ ಕೊಡ ಇಡಬೇಕೆಂಬುದು ನೆನಪಾಗಲಿಲ್ಲ.

ಎರಡು ದಿನಕ್ಕೆ ಅಂಗಡಿಯಕ್ಕ ಬೇಳೆ ಅಳೆಯುತ್ತ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ನಮ್ಮೋರು ಹೋಗಿ ಎಷ್ಟೋ ವರ್ಷ ಆಯ್ತು. ಬಚ್ಚಲು ಅದೇ, ಕಲ್ಲು ಅದೇ. ಅದಾದ ಮೇಲೆ ಒಂದ್ಸಲಾನೂ ಜಾರಿಲ್ಲ ನೋಡಿ ನಾನು."

ಒಬ್ಬಳು ಕಿಸಕ್ಕೆಂದಳು. ಆಮೇಲೆ ಎಲ್ಲರೂ ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು. ಯಾರ ನೀರು ನಗೆಯದು, ಯಾರದು ಬೇರೆಯದು ಎಂದು ವಿಂಗಡಿಸುವುದು ಕಷ್ಟವಿತ್ತು. ಹೊಲಿಯುವ ಬಟ್ಟೆಗಳು ಒಂದೊಂದಾಗಿ ಟೈಲರಮ್ಮನ ಬುಟ್ಟಿಗೆ ಮರಳಿದವು. ಅಳತೆ ಕೊಡಲು ನಿಂತ ಹೆಂಗಸರು ತೋಳೆತ್ತಿದಾಗ ಕಂಡ ಕಲೆಗಳನ್ನು ಈಗ ಮುಚ್ಚಿಕೊಳ್ಳುತ್ತಿರಲಿಲ್ಲ. "ಇದು ಹೋದ ತಿಂಗಳದ್ದು. ಬೆಲ್ಟಿನಿಂದ" ಎಂದು ಅಳತೆಯ ಜೊತೆಗೇ ಹೇಳುತ್ತಿದ್ದರು. ಟೈಲರಮ್ಮ ಟೇಪು ಹಿಡಿದು ಹೂಂ ಎನ್ನುತ್ತಿದ್ದಳು. ತನ್ನ ಸೊಟ್ಟ ಕೈಯ ಮೇಲೆ ಅವರ ಕಣ್ಣು ಬಿದ್ದಾಗ ಮಾತ್ರ ತೋಳು ಕೆಳಗೆಳೆದುಕೊಳ್ಳುತ್ತಿದ್ದಳು.

ಗಂಡಸರ ಮನಸ್ಸು ಕರಗಿತು ಎಂದು ಯಾರೂ ತಿಳಿಯಬೇಕಾಗಿಲ್ಲ. ದಿಕ್ಕು ಬದಲಿಸಿದ್ದು ಟೀ ಅಂಗಡಿಯ ಬೆಂಚಿನ ನಗೆ. ಮೊದಲು ಹೆಂಡತಿಯ ಮಾತು ಕೇಳುವವನನ್ನು ಆಡಿಕೊಳ್ಳುತ್ತಿದ್ದ ಬೆಂಚು ಅದು. ಒಂದು ದಿನ ಟೀ ಅಂಗಡಿಯವನು ಡ್ರೈವರನಿಗೆ ಲೋಟ ಕೊಡುತ್ತ, "ನಿಮ್ಮನೇಲೂ ಜಾರ್ತಂತೆ? ಒಂದು ಚಾಪೆ ತಂದ್ಹಾಕಪ್ಪ, ಹಸಿರುದು" ಎಂದ. ಬೆಂಚು ಬಿದ್ದು ಬಿದ್ದು ನಕ್ಕಿತು. ಎಲ್ಲರಿಗಿಂತ ಮೊದಲು ನಕ್ಕವನು ಪೇಂಟರ್, ಸದ್ಯ ತನ್ನ ಸರದಿಯಲ್ಲವಲ್ಲ ಎಂದು. ಆದರೆ ಸರದಿ ಬಂದೇ ಬಂತು. ವಾರದೊಳಗೆ ಶೆಡ್ಡಿನಲ್ಲಿ ಅವನಿಗೆ 'ಚಾಪೆ' ಎಂಬ ಅಡ್ಡಹೆಸರೇ ಬಿತ್ತು. ಬಣ್ಣದ ಡಬ್ಬ ಬೇಕಾದರೂ, "ಚಾಪೆ, ಆ ಡಬ್ಬ ಕೊಡೋ" ಎನ್ನುತ್ತಿದ್ದರು.

ಅವನು ಮನೆಗೆ ಬಂದು ಹಲ್ಲು ಕಡಿಯುತ್ತಿದ್ದ. ತಟ್ಟೆ ಎಸೆದ, ಬಾಗಿಲಿಗೆ ಗುದ್ದಿದ, ಸೊಸೆಯ ಕತ್ತಿನ ಪಟ್ಟಿ ಹಿಡಿದೆಳೆದ. ಹೊಡೆಯಲು ಎತ್ತಿದ ಕೈ ಮಾತ್ರ ಕೆಲವು ಸಲ ಹಾಗೇ ನಿಲ್ಲುತ್ತಿತ್ತು. ನಾಳೆ ಬೆಂಚಿನ ಮೇಲೆ ಏನು ಕಾದಿದೆಯೋ ಎಂದು ಆ ಕೈ ಲೆಕ್ಕ ಹಾಕುತ್ತಿತ್ತು. ಒಳ್ಳೆಯತನವಲ್ಲ, ಅವಮಾನದ ಭಯ. ಆದರೂ ಸೊಸೆಯ ಬೆನ್ನಿನ ಗಾಯಗಳಿಗೆ ಒಣಗಲು ಸಮಯ ಸಿಕ್ಕಿತು.

ಮೇಸ್ತ್ರಿಗೆ ಇದನ್ನು ಸಹಿಸಲಾಗಲಿಲ್ಲ. ಬೆಂಚಿನ ತುದಿಯ ಜಾಗ ಅವನದು; ಅವನು ಬಂದರೆ ಹುಡುಗರು ಎದ್ದು ನಿಲ್ಲುತ್ತಿದ್ದ ಕಾಲವಿತ್ತು. ಒಂದು ಭಾನುವಾರ ಮಧ್ಯಾಹ್ನ ಅದೇ ಹುಡುಗರಲ್ಲೊಬ್ಬ ಕೂತಲ್ಲಿಂದಲೇ ಕೇಳಿದ: "ಏನ್ ಮೇಸ್ತ್ರಿ, ಚಾಪೆ ಒಣಗ್ತಾ?"

ಮೇಸ್ತ್ರಿ ಟೀ ಚೆಲ್ಲಿ ಎದ್ದು ಬಂದ.

ಮನೆಯಲ್ಲಿ ಊಟಕ್ಕೆ ಕೂರುವ ಹೊತ್ತು. ಮಗಳೂ ಬಂದಿದ್ದಳು, ಕಿವಿಯ ನೋವು ಹಲ್ಲಿಗಿಳಿದಿದೆ ಎಂದು ಕೆನ್ನೆ ಹಿಡಿದು ಮೂಲೆಯಲ್ಲಿ ಕೂತಿದ್ದಳು. ಟೈಲರಮ್ಮ ಮಿಷನ್ನಿನ ಮುಂದೆ ಗುಂಡಿ ಹಚ್ಚುತ್ತಿದ್ದಳು, ಪಕ್ಕದಲ್ಲಿ ಕಾದ ಇಸ್ತ್ರಿ ಪೆಟ್ಟಿಗೆ. ಮೇಸ್ತ್ರಿ ಗೋಡೆಯ ಮೇಲಿನ ಚಾಪೆ ಎಳೆದುಕೊಂಡು ಒಳಗೆ ಬಂದ. ಹೆಂಡತಿಯ ದೊಡ್ಡ ಕತ್ತರಿ ತೆಗೆದು ಅದನ್ನು ನಡುಮಧ್ಯೆ ಕತ್ತರಿಸತೊಡಗಿದ. ರಬ್ಬರು ದಪ್ಪ, ಕತ್ತರಿ ಅರ್ಧಕ್ಕೇ ಸಿಕ್ಕಿಕೊಂಡಿತು.

"ಅದು ನನ್ನದು ಮಾವ" ಎಂದಳು ಸೊಸೆ. ಕೈಯಲ್ಲಿ ಬಡಿಸುವ ಸೌಟಿತ್ತು.

ಮೇಸ್ತ್ರಿ ಅವಳ ಕಡೆ ತಿರುಗದೆ ಮಗನಿಗೆ ಹೇಳಿದ. "ಹೊಡಿ ಅವಳಿಗೆ. ಇವತ್ತು ಮುಗಿಸಿಬಿಡು."

ಪೇಂಟರ್ ಎದ್ದ. ಕೈ ಎತ್ತಿದ. ಮೂಲೆಯಲ್ಲಿದ್ದ ಮಗಳು ಅಭ್ಯಾಸದಂತೆ ಎದ್ದು ಕಪಾಟಿನ ಮೇಲಿನ ರೇಡಿಯೋ ಕಡೆ ಕೈ ಚಾಚಿದಳು. ಟೈಲರಮ್ಮನ ಕಾಲು ತಾನಾಗಿ ಮಿಷನ್ ತುಳಿಯತೊಡಗಿತು. ಆದರೆ ಬೀದಿಯಲ್ಲಿ ಬೇರೆ ಸದ್ದೇ ಇರಲಿಲ್ಲ. ಪಕ್ಕದ ಮನೆಯ ರೇಡಿಯೋ ಹಾಡುತ್ತಿದ್ದದ್ದು ನಿಂತಿತ್ತು. ಎದುರು ಮನೆಯ ನಲ್ಲಿಯೂ ನಿಂತಿತ್ತು. ಗೋಡೆಯ ಆಚೆ ಯಾರೋ ಕಿವಿಗೊಟ್ಟು ನಿಂತಿರುವುದು ಎಲ್ಲರಿಗೂ ಗೊತ್ತಾಯಿತು. ಪೇಂಟರ್ ಕೈ ಇಳಿಸಿದ.

"ಎಲ್ಲರೂ ಕೇಳಿಸ್ಕೋತಿದ್ದಾರೆ ಅಪ್ಪ" ಎಂದ.

"ಥೂ, ಗಂಡಸೇನೋ ನೀನು?" ಮೇಸ್ತ್ರಿ ಮಗನ ಬಾಯಿಗೆ ಮುಷ್ಟಿಯಿಂದ ಗುದ್ದಿದ. ಪೇಂಟರ್ ತಟ್ಟೆಗಳ ಮೇಲೆ ಬಿದ್ದ, ತುಟಿ ಹರಿದು ರಕ್ತ ಅನ್ನಕ್ಕೆ ಬೆರೆಯಿತು. ಮೇಸ್ತ್ರಿ ಇಸ್ತ್ರಿ ಪೆಟ್ಟಿಗೆಯನ್ನು ವೈರಿನ ಸಮೇತ ಕಿತ್ತು ಎತ್ತಿಕೊಂಡು ಸೊಸೆಯ ಮೇಲೆ ನುಗ್ಗಿದ. ಸೊಸೆ ಗೋಡೆಗೆ ಒತ್ತಿಕೊಂಡು ಸೌಟು ಅಡ್ಡ ಹಿಡಿದಳು.

ಟೈಲರಮ್ಮನಿಗೆ ತನ್ನ ಮಿಷನ್ನಿನ ಸದ್ದು ಕೇಳಿಸಿತು. ಸೂಜಿಯ ಕೆಳಗೆ ಬಟ್ಟೆಯೇ ಇರಲಿಲ್ಲ. ಇಡೀ ಬೀದಿಯಲ್ಲಿ ಅದೊಂದೇ ಸದ್ದು. ನಾಚಿಕೆಯಾಯಿತು ಅವಳಿಗೆ, ಮೈಯೆಲ್ಲ ಬಿಸಿಯೇರುವಷ್ಟು ನಾಚಿಕೆ. ಕಾಲು ನಿಲ್ಲಿಸಿದಳು. ಎದ್ದು ಇಬ್ಬರ ನಡುವೆ ಹೋಗಿ ಬಲಗೈ ಅಡ್ಡ ಹಿಡಿದಳು.

"ಇಳಿಸ್ರೀ ಅದನ್ನ."

ಪೆಟ್ಟಿಗೆ ಅವಳ ಕೈಯ ಮೇಲೇ ಬಿತ್ತು. ಎಲುಬು ಮುರಿದ ಸದ್ದು ಎಲ್ಲರಿಗೂ ಕೇಳಿಸಿತು, ಚರ್ಮ ಸುಟ್ಟ ವಾಸನೆ ಆಮೇಲೆ ಬಂತು. ಅವಳು ಕುಸಿದಾಗ ಮೇಸ್ತ್ರಿ ಪಕ್ಕೆಗೆ ಒದ್ದ, ಮತ್ತೆ ಒದ್ದ. ಮೂರನೆಯ ಸಲ ಕಾಲೆತ್ತುವಾಗ ಪೇಂಟರ್ ಹಿಂದಿನಿಂದ ಅಪ್ಪಿ ಹಿಡಿದು ನೆಲಕ್ಕೆ ಕೆಡವಿದ. ಬಾಗಿಲು ತೆರೆದೇ ಇತ್ತು. ಡ್ರೈವರನ ಹೆಂಡತಿ ಒಳಗೆ ಬಂದಳು, ಅವಳ ಹಿಂದೆ ಅಂಗಡಿಯಕ್ಕ, ಅವಳ ಹಿಂದೆ ಇನ್ನೂ ಕೆಲವರು. ಮೇಸ್ತ್ರಿ ಬಿದ್ದಲ್ಲಿಂದಲೇ ಅಷ್ಟು ಜನ ಹೆಂಗಸರ ಕಾಲುಗಳನ್ನು ನೋಡಿ, "ಹೊರಗೆ ಹೋಗಿ, ಇದು ನಮ್ಮನೆ ವಿಷಯ" ಎಂದ. ಯಾರೂ ಕದಲಲಿಲ್ಲ.

ಟೈಲರಮ್ಮನನ್ನು ಶೆಡ್ಡಿನ ಟೆಂಪೋದಲ್ಲಿ ಆಸ್ಪತ್ರೆಗೆ ಒಯ್ದರು. ಸೊಸೆ ತಲೆ ಹಿಡಿದು ಕೂತಳು, ಮಗಳು ಕಾಲು ಹಿಡಿದು ಕೂತಳು. ಪೇಂಟರ್ ಹರಿದ ತುಟಿಗೆ ಕರವಸ್ತ್ರ ಒತ್ತಿಕೊಂಡು ಮುಂದೆ ಕೂತ. ಮೇಸ್ತ್ರಿಯೂ ಬಂದ. ಬಾರದೆ ಮನೆಯಲ್ಲುಳಿದರೆ ಆ ಹೆಂಗಸರ ಮಧ್ಯೆ ಉಳಿಯಬೇಕಿತ್ತು. ದಾರಿಯಲ್ಲಿ ಹೆಂಡತಿಯ ಕಡೆ ಬಾಗಿ, "ಜಾರಿ ಇಸ್ತ್ರಿ ಪೆಟ್ಟಿಗೆ ಮೇಲೆ ಬಿದ್ದೆ ಅನ್ನು. ತಿಳೀತಾ?" ಎಂದ. ಅವಳು ಕಣ್ಣು ಮುಚ್ಚಿದ್ದಳು.

ಗಾಯ ಕಟ್ಟುವ ಕಾಂಪೌಂಡರ್ ಆ ಬೀದಿಯ ಹೆಂಗಸರನ್ನೆಲ್ಲ ಬಲ್ಲವನು. ಇಷ್ಟು ವರ್ಷ ಅವನು ಪ್ರಶ್ನೆಯನ್ನೇ ಕೇಳುತ್ತಿರಲಿಲ್ಲ, ತಾನೇ "ಜಾರಿದ್ರಾ?" ಎಂದು ತಾನೇ ಹೂಂಗುಟ್ಟಿ ಹತ್ತಿ ತೆಗೆಯುತ್ತಿದ್ದ. ಈಚಿನ ವಾರಗಳಲ್ಲಿ ಅವನಿಗೂ ಅದೇ ಬೀದಿಯಿಂದ ಬೇರೆ ಉತ್ತರಗಳು ಬಂದಿದ್ದವು. ಅವನು ಸುಟ್ಟ ಕೈಯನ್ನು ನಿಧಾನವಾಗಿ ಎತ್ತಿ ನೋಡಿದ, ಬಾಗಿಲಲ್ಲಿ ನಿಂತ ಮೇಸ್ತ್ರಿಯನ್ನೂ ನೋಡಿದ.

"ಏನಾಯ್ತಮ್ಮ?" ಎಂದು ಕೇಳಿದ.

ಮೇಸ್ತ್ರಿ ಕೆಮ್ಮಿದ. ಪೇಂಟರ್ ನೆಲ ನೋಡಿದ. ಟೈಲರಮ್ಮನಿಗೆ ಬಲಗೈ ಇನ್ನು ಹೊಲಿಗೆಗೆ ಬರುವುದಿಲ್ಲವೆಂದು ಯಾರೂ ಹೇಳುವ ಮೊದಲೇ ಗೊತ್ತಿತ್ತು. ಬದುಕಿಡೀ ಕಾಪಾಡಿದ ಆ ಸುಳ್ಳು ಕಾಪಾಡಿದ್ದು ಯಾರನ್ನು? ಎಡಗೈಯನ್ನು ಉಳಿಸಲಿಲ್ಲ, ಬಲಗೈಯನ್ನೂ ಉಳಿಸಲಿಲ್ಲ.

"ಇದು ಇವತ್ತು ನನ್ನ ಗಂಡ ಹೊಡೆದದ್ದು" ಎಂದು ಬಲಗೈ ತೋರಿಸಿದಳು. ಆಮೇಲೆ ಸೊಟ್ಟ ಎಡಗೈಯನ್ನೂ ಮೇಜಿನ ಮೇಲಿಟ್ಟಳು. "ಇದು ಮದುವೆಯಾದ ಹೊಸತರಲ್ಲಿ ನನ್ನ ಗಂಡ ಹೊಡೆದದ್ದು."

ಮೇಸ್ತ್ರಿ ಬಾಯಿ ತೆರೆದ. ಹಿಂದೆ ಕಾರಿಡಾರಿನಲ್ಲಿ ಅಂಗಡಿಯಕ್ಕನೂ ಡ್ರೈವರನ ಹೆಂಡತಿಯೂ ಬಂದು ನಿಂತಿದ್ದರು, ನಡೆದೇ ಬಂದಿದ್ದರು. ಅವರ ಪಕ್ಕದಲ್ಲಿ ಟೀ ಅಂಗಡಿಯವನಿದ್ದ. ಮೇಸ್ತ್ರಿ ಬಾಯಿ ಮುಚ್ಚಿ ಹೊರಗೆ ಹೋದ. ಅವನಿಗೆ ಯಾರೂ ದಾರಿ ಬಿಡಲಿಲ್ಲ, ಗೋಡೆಗೆ ಸವರಿಕೊಂಡು ಹೋಗಬೇಕಾಯಿತು.

ಕಾಂಪೌಂಡರ್ ಕೈಗೆ ಪಟ್ಟಿ ಕಟ್ಟತೊಡಗಿದ. ನೋವಿಗೆ ಟೈಲರಮ್ಮನ ಹಣೆ ಬೆವತಿತ್ತು. ಕಾಲ ಬಳಿ ನಿಂತ ಮಗಳು ತಲೆಯ ಬಟ್ಟೆಯನ್ನು ಇನ್ನೂ ಮುಂದಕ್ಕೆಳೆದುಕೊಂಡದ್ದನ್ನು ಅವಳು ನೋಡಿದಳು.

"ಇವಳ ಕಿವೀನೂ ನೋಡಪ್ಪ. ಕೇಳಿಸ್ತಿಲ್ಲ ಇವಳಿಗೆ."

"ಅಮ್ಮ, ಬೇಡ" ಎಂದಳು ಮಗಳು. ಕಾಂಪೌಂಡರ್ ತಿರುಗಿ ನೋಡಿದ. ಅವಳು ಗೋಡೆಯ ಕಡೆ ಸರಿದಳು. "ನನಗೇನಾಗಿಲ್ಲ, ನಾನು ಬಚ್ಚಲಲ್ಲಿ..."

ಟೈಲರಮ್ಮ ಸೊಟ್ಟ ಕೈ ಚಾಚಿ ಮಗಳ ರೆಟ್ಟೆ ಹಿಡಿದಳು. ಆ ಕೈಯಲ್ಲಿ ಅಷ್ಟು ಬಲವಿದೆಯೆಂದು ಮಗಳಿಗೆ ತಿಳಿದಿರಲಿಲ್ಲ.

"ಆ ಮಾತು ನಿನ್ನದಲ್ಲ, ನಾನು ಕೊಟ್ಟದ್ದು" ಎಂದಳು ಟೈಲರಮ್ಮ, ಕೇಳಿಸುವ ಕಿವಿಯ ಕಡೆಗೆ ಬಾಗಿ. "ಅದನ್ನ ನನಗೆ ವಾಪಸ್ ಕೊಟ್ಟುಬಿಡು ಮಗಳೇ. ನಿಂದು ಏನಿದೆಯೋ ಅದನ್ನ ಹೇಳು."

ಮಗಳು ಅಮ್ಮನ ಮುಖ ನೋಡಿದಳು, ಅತ್ತಿಗೆಯ ಮುರಿದ ಹಲ್ಲು ನೋಡಿದಳು. ಆಮೇಲೆ ತಲೆಯ ಬಟ್ಟೆ ಬಿಚ್ಚಿ ಕಾಂಪೌಂಡರಿನ ಮುಂದಿನ ಸ್ಟೂಲಿನ ಮೇಲೆ ಕೂತಳು.